ಕಡಿದ ಖರ್ಚು ಎಲ್ಲಿಗೆ ಹೋಗುತ್ತದೆ?

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಾಂದ್ರಾ ಸ್ಟೇಷನ್ನಿನ ಪೂರ್ವ ಬದಿಗೆ ಇಳಿದು ನೋಡಿದವರಿಗೆ ಈ ನೋಟ ಹೊಸದಲ್ಲ. ಲೋಕಲ್‌ನಿಂದ ಇಳಿದ ಜನ ಮಳೆಗಾಲದ ಹೊಳೆಯ ಹಾಗೆ ಹೊರಗೆ ನುಗ್ಗುತ್ತಾರೆ. ಒಂದಷ್ಟು ಜನ ಶೇರ್ ಆಟೋದ ಸಾಲಿಗೆ, ಒಂದಷ್ಟು ಜನ ಕುರ್ಲಾ ಕಡೆಗೆ ಹೋಗುವ 310 ನಂಬರಿನ ಬಸ್ಸಿಗೆ, ಕಾಲಲ್ಲಿ ಕಸುವಿದ್ದವರು ನಡೆದೇ ಬಿಕೆಸಿ ಕಡೆಗೆ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಎನ್ನುವ ಆ ಗಾಜಿನ ಊರು ಇಲ್ಲಿಂದ ಎರಡು ಮೂರು ಕಿಲೋಮೀಟರ್ ಅಷ್ಟೆ. ಆದರೆ ಬೆಳಗಿನ ಒಂಬತ್ತು ಗಂಟೆಗೆ ಅದು ಎಷ್ಟು ದೂರ ಎನ್ನುವುದು ಅಂದಂದಿನ ಅದೃಷ್ಟ.

ಆ ಆಟೋ ಸಾಲಿನಲ್ಲಿ ನಮ್ಮ ಆಫೀಸಿನವರು ದಿನಾ ಹತ್ತಾರು ಜನ ಸಿಗುತ್ತಾರೆ. ನನ್ನನ್ನು ಕಂಡು ಕೈ ಎತ್ತುತ್ತಾರೆ, ನಗುತ್ತಾರೆ. ಎರಡು ವರ್ಷದ ಹಿಂದೆ ಇವರು ಯಾರೂ ಈ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಸ್ಟೇಷನ್ನಿನಿಂದ ಆಫೀಸಿಗೆ ಕಂಪನಿಯದೇ ಎರಡು ಮಿನಿ ಬಸ್ಸುಗಳಿದ್ದವು. ಅವನ್ನು ನಿಲ್ಲಿಸಿದವನು ನಾನೇ. ಅದು ಇವರಲ್ಲಿ ಎಷ್ಟು ಜನಕ್ಕೆ ಗೊತ್ತು ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ನಡೆದದ್ದು ಇಷ್ಟು. ಒಂದು ದಿನ ಮೇಲಿನಿಂದ ಮೇಲ್ ಬಂತು. ಎಲ್ಲ ವಿಭಾಗಗಳೂ ನಿರ್ವಹಣಾ ಖರ್ಚಿನಲ್ಲಿ ನೂರಕ್ಕೆ ಹನ್ನೆರಡರಷ್ಟು ಕಡಿಮೆ ಮಾಡಬೇಕು, ಮೂರು ವಾರದಲ್ಲಿ ಪಟ್ಟಿ ಕೊಡಬೇಕು. ಜೊತೆಗೊಂದು ಎಕ್ಸೆಲ್ ಶೀಟು. ಅದರಲ್ಲಿ ನಾಲ್ಕು ಕಾಲಮ್ಮು: ಬಾಬತ್ತು, ಈಗಿನ ಖರ್ಚು, ಕಡಿತ, ಉಳಿತಾಯ. ಐಟಿಯಲ್ಲಿ ಹದಿನೈದು ವರ್ಷ ಸವೆಸಿದವನಿಗೆ ಇಂಥ ಶೀಟು ಹೊಸದಲ್ಲ. ಆದರೆ ಅಲ್ಲಿಯವರೆಗೆ ನಾನು ಯಾರೋ ತುಂಬಿದ ಶೀಟಿನ ಒಂದು ಸಾಲಾಗಿದ್ದೆ. ತುಂಬುವ ಪೆನ್ನು ನನ್ನ ಕೈಗೆ ಬಂದದ್ದು ಅದೇ ಮೊದಲು.

ನಾನು ಶ್ರದ್ಧೆಯಿಂದ ತುಂಬಿದೆ. ಸ್ಟೇಷನ್ನಿನ ಎರಡು ಬಸ್ಸು. ಹೊಸಬರ ತರಬೇತಿಗಿಟ್ಟಿದ್ದ ಹಣದಲ್ಲಿ ಅರ್ಧ. ಯಾರೂ ಬಳಸದೆ ಸುಮ್ಮನೆ ಓಡುತ್ತಿದ್ದ ಕ್ಲೌಡ್ ಸರ್ವರುಗಳು. ಕೊನೆಗೆ, ಹಳೆಯ ಬಿಲ್ಲಿಂಗ್ ವ್ಯವಸ್ಥೆಯನ್ನು ನೋಡಿಕೊಳ್ಳಲು ಹೊರಗಿನ ಏಜೆನ್ಸಿಯೊಂದರ ಮೂಲಕ ನಮ್ಮಲ್ಲಿ ಕೂರುತ್ತಿದ್ದ ಒಬ್ಬರ ಗುತ್ತಿಗೆ. ಹನ್ನೆರಡು ಕೇಳಿದ್ದರು, ನಾನು ಹದಿಮೂರು ಮಾಡಿ ಕಳಿಸಿದೆ. ತಿಂಗಳ ಮೀಟಿಂಗಿನಲ್ಲಿ ನನ್ನ ಹೆಸರು ಹೇಳಿ ಮೆಚ್ಚಿದರು. ಸುಳ್ಳೇಕೆ, ಆ ದಿನ ಖುಷಿಯಾಗಿತ್ತು.

ಮೊದಲು ಬಸ್ಸಿನ ವಿಷಯ. ಅದು ನಿಂತ ಮೇಲೆ ಜನ ತಮ್ಮ ಕಿಸೆಯಿಂದ ಆಟೋಗೆ ಕೊಟ್ಟು ಬರತೊಡಗಿದರು. ಒಂಬತ್ತೂವರೆಗೆ ಶುರುವಾಗುತ್ತಿದ್ದ ಬೆಳಗಿನ ಮೀಟಿಂಗು ಸದ್ದಿಲ್ಲದೆ ಹತ್ತಕ್ಕೆ ಜಾರಿತು. ಹತ್ತಕ್ಕೆ ಶುರುವಾದದ್ದು ಸಂಜೆ ಅಷ್ಟೇ ತಡವಾಗಿ ಮುಗಿಯುತ್ತದೆ. ರಾತ್ರಿ ಎಂಟೂವರೆಯ ನಂತರ ಹೊರಡುವ ಹೆಣ್ಣುಮಕ್ಕಳಿಗೆ ಕ್ಯಾಬ್ ಕೊಡಬೇಕು ಎನ್ನುವುದು ನಮ್ಮ ಕಂಪನಿಯ ನಿಯಮ, ಸರಿಯಾದ ನಿಯಮವೇ. ಹಾಗಾಗಿ ಕ್ಯಾಬ್ ಬಿಲ್ಲು ಏರಿತು. ಆದರೆ ಬಸ್ಸಿನ ಖರ್ಚಿದ್ದದ್ದು ಆಡಳಿತ ವಿಭಾಗದ ಲೆಕ್ಕದಲ್ಲಿ, ಕ್ಯಾಬಿನ ಖರ್ಚು ಬೀಳುವುದು ಒಂದೊಂದು ಪ್ರಾಜೆಕ್ಟಿನ ಲೆಕ್ಕದಲ್ಲಿ. ಒಂದು ಕಡೆ ಉಳಿತಾಯ ಕಂಡಿತು. ಇನ್ನೊಂದು ಕಡೆ ಏರಿಕೆ ಎಂಟು ಪ್ರಾಜೆಕ್ಟುಗಳಿಗೆ ಚೂರುಚೂರಾಗಿ ಹಂಚಿಹೋಗಿ ಯಾರ ಕಣ್ಣಿಗೂ ಬೀಳಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಕೂಡಿಸುವ ಕೆಲಸ ಯಾರದ್ದೂ ಆಗಿರಲಿಲ್ಲ.

ಇನ್ನು ಆ ಒಬ್ಬರ ವಿಷಯ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು. ಐವತ್ತು ದಾಟಿದ ಮರಾಠಿ ಮನುಷ್ಯ. ಡೊಂಬಿವಲಿಯಿಂದ ಬರುತ್ತಿದ್ದರು. ಹನ್ನೊಂದು ವರ್ಷದಿಂದ ಅದೇ ಮೂಲೆಯ ಮೇಜು. ಹೊರಗಿನಿಂದ ನೋಡಿದರೆ ಅವರಿಗೆ ಕೆಲಸವೇ ಇಲ್ಲ ಎನ್ನಿಸುತ್ತಿತ್ತು. ಅವರು ನೋಡಿಕೊಳ್ಳುತ್ತಿದ್ದ ವ್ಯವಸ್ಥೆ ಕೆಡುತ್ತಲೇ ಇರಲಿಲ್ಲ, ಹಾಗಾಗಿ ಅವರ ಹೆಸರು ಯಾವ ವರದಿಯಲ್ಲೂ ಬರುತ್ತಿರಲಿಲ್ಲ. ಯಾವುದೂ ಕೆಡುತ್ತಿಲ್ಲ ಅಂದಮೇಲೆ ಇವರೇಕೆ ಬೇಕು ಎಂದು ನಾನು ಯೋಚಿಸಿದೆ. ಇವರಿರುವುದರಿಂದಲೇ ಕೆಡುತ್ತಿಲ್ಲವೇನೋ ಎಂದು ಯೋಚಿಸಲಿಲ್ಲ. ಎರಡು ವಾರದಲ್ಲಿ ತಮಗೆ ಗೊತ್ತಿದ್ದದ್ದನ್ನೆಲ್ಲ ಬರೆದುಕೊಟ್ಟು ಅವರು ಹೋದರು. ಹೋಗುವ ದಿನ ಎಲ್ಲರಿಗೂ ಪೇಢಾ ಹಂಚಿದರು, ನನಗೂ ಕೊಟ್ಟರು.

ಐದನೇ ತಿಂಗಳಿಗೆ, ಮಾರ್ಚ್ ಕೊನೆಯ ರಾತ್ರಿ, ವರ್ಷಾಂತ್ಯದ ಬಿಲ್ಲುಗಳು ಹೊರಡಬೇಕಾದ ಹೊತ್ತಿಗೆ ಆ ವ್ಯವಸ್ಥೆ ನಿಂತಿತು. ನಾಲ್ಕು ಜನ ಎಂಜಿನಿಯರುಗಳು ಕೂತರು. ಅವರು ಬರೆದುಕೊಟ್ಟಿದ್ದ ಕಡತವನ್ನು ಮೂರು ಸಲ ಓದಿದೆವು. ರಾತ್ರಿ ಎರಡಾಯಿತು. ಕೊನೆಗೆ ನಾಚಿಕೆ ಬಿಟ್ಟು ನಾನೇ ಫೋನ್ ಮಾಡಿದೆ. ಮೂರನೇ ರಿಂಗಿಗೆ ಎತ್ತಿದರು. ವಿಷಯ ಕೇಳಿ ಒಂದು ನಿಮಿಷ ಸುಮ್ಮನಿದ್ದು, ಬ್ಯಾಂಕಿನ ಜೊತೆ ಮಾತಾಡುವ ಒಂದು ಸರ್ಟಿಫಿಕೇಟನ್ನು ವರ್ಷಕ್ಕೊಮ್ಮೆ ಕೈಯಿಂದಲೇ ಬದಲಿಸಬೇಕು, ಅದರ ಅವಧಿ ಮುಗಿದಿರಬೇಕು ಎಂದರು. ‘ಬರೆಯುವಾಗ ಅದು ನೆನಪಾಗಲಿಲ್ಲ. ಪ್ರತಿ ಮಾರ್ಚಿಗೆ ಕೈ ತಾನಾಗಿ ಮಾಡುತ್ತಿತ್ತು ಸಾಹೇಬ್’ ಅಂದರು. ಹತ್ತು ನಿಮಿಷದಲ್ಲಿ ದಾರಿ ಹೇಳಿಕೊಟ್ಟರು. ಫೋನ್ ಇಡುವ ಮೊದಲು ‘ಜೇವ್ಲಾಸ್ ಕಾ?’ ಎಂದು ಕೇಳಿದರು. ಊಟ ಆಯಿತಾ ಎಂದು. ನಾನು ಅವರ ಅನ್ನಕ್ಕೆ ಕೈ ಹಾಕಿದವನು. ಅವರು ನನ್ನ ಊಟ ವಿಚಾರಿಸುತ್ತಿದ್ದರು.

ಹೊಸ ಸರ್ಟಿಫಿಕೇಟು ಬಂದು ಬಿಲ್ಲುಗಳೆಲ್ಲ ಹೊರಡುವಾಗ ಮರುದಿನ ಮಧ್ಯಾಹ್ನ ದಾಟಿತ್ತು. ಕ್ಲೈಂಟಿಗೆ ದಂಡ ಕಟ್ಟಬೇಕಾಯಿತು. ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಇಂಥ ಕತೆಗಳಲ್ಲಿ ದಂಡದ ಮೊತ್ತ ಉಳಿಸಿದ್ದರ ಹತ್ತು ಪಟ್ಟಾಗಿರುತ್ತದೆ. ನಮ್ಮಲ್ಲಿ ಹಾಗಾಗಲಿಲ್ಲ. ದಂಡ ಕಾಕಾ ಅವರ ಒಂದು ವರ್ಷದ ಗುತ್ತಿಗೆ ಹಣಕ್ಕಿಂತ ಸ್ವಲ್ಪ ಕಡಿಮೆಯೇ ಇತ್ತು. ‘ಹಾಗಾದರೆ ಈಗಲೂ ನಾವು ಲಾಭದಲ್ಲೇ ಇದ್ದೇವಲ್ಲ’ ಎಂದು ನನ್ನ ಮೇಲಿನವರು ನಕ್ಕರು. ಶೀಟಿನ ಪ್ರಕಾರ ಅದು ನಿಜ. ಆ ನಾಲ್ವರಲ್ಲಿ ಒಬ್ಬಳು ಜೂನ್‌ನಲ್ಲಿ ಕೆಲಸ ಬಿಟ್ಟಳು, ಅವಳ ಜಾಗಕ್ಕೆ ಜನ ಹುಡುಕಲು ಮೂರು ತಿಂಗಳು ಹಿಡಿಯಿತು. ಕ್ಲೈಂಟಿನ ಮ್ಯಾನೇಜರು ಅಂದಿನಿಂದ ಪ್ರತಿ ತಿಂಗಳೂ ಹೆಚ್ಚುವರಿ ವರದಿ ಕೇಳುತ್ತಾರೆ, ಅದಕ್ಕೆ ಒಬ್ಬನ ಎರಡು ದಿನ ಹೋಗುತ್ತದೆ. ಕಾಕಾ ಮೊದಲಿಗಿಂತ ಕಡಿಮೆ ಸಂಬಳಕ್ಕೆ ಠಾಣೆಯಲ್ಲಿ ಎಲ್ಲೋ ಸೇರಿದ್ದಾರೆ. ಇವಕ್ಕೆಲ್ಲ ನಾಲ್ಕು ಕಾಲಮ್ಮಿನ ಶೀಟಿನಲ್ಲಿ ಜಾಗವಿಲ್ಲ.

ಅಂದಿನಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿದೆ. ಸಂಸ್ಥೆಗಳು ಖರ್ಚು ಕಡಿದಾಗ ಆ ಖರ್ಚು ನಿಜಕ್ಕೂ ಸಾಯುತ್ತದೆಯೇ, ಇಲ್ಲ ಮನೆ ಬದಲಿಸುತ್ತದೆಯೇ?

ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಬಾಂದ್ರಾ ಸ್ಟೇಷನ್ನಿನ ಹೊರಗೆ ನಿಂತ ಕೆಂಪು ಬಸ್ಸನ್ನೇ ನೋಡಿ. ನಮ್ಮ ಆಫೀಸಿನ ಎರಡು ಮಿನಿ ಬಸ್ಸಿನ ಕತೆ ಇಡೀ ನಗರದ ಅಳತೆಯಲ್ಲಿ ನಡೆದದ್ದು ಅದರ ಬದುಕಿನಲ್ಲಿ. ಮುಂಬಯಿಯಲ್ಲಿ ಮೊದಲ ಮೋಟಾರು ಬಸ್ಸು ಓಡಿದ್ದು 1926ರ ಜುಲೈ 15ರಂದು, ಅಫ್ಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ. 1947ರ ಆಗಸ್ಟ್ 7ರಂದು, ಸ್ವಾತಂತ್ರ್ಯಕ್ಕೆ ಒಂದು ವಾರ ಮೊದಲು, ಬಸ್ಸು, ಟ್ರಾಮು, ವಿದ್ಯುತ್ತು ಎಲ್ಲ ಸೇರಿ ಬೆಸ್ಟ್ ಸಂಸ್ಥೆ ನಗರಪಾಲಿಕೆಯ ಕೈಗೆ ಬಂತು. ಬಹುಕಾಲ ದಕ್ಷಿಣ ಮುಂಬಯಿಗೆ ಕರೆಂಟು ಮಾರಿ ಬಂದ ಲಾಭ ಬಸ್ಸಿನ ನಷ್ಟವನ್ನು ತುಂಬುತ್ತಿತ್ತು. ಆ ಆಸರೆ ಸಡಿಲವಾದ ಮೇಲೆ ಬಸ್ಸು ಹೊರೆಯಾಗಿ ಕಾಣತೊಡಗಿತು. ನಮ್ಮ ಹಿರಿಯರು ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕೋಟೆ ಭಾಗದ ಕನ್ನಡ ರಾತ್ರಿ ಶಾಲೆಗಳಿಗೆ ಹೋಗುತ್ತಿದ್ದ ಕಾಲದಿಂದಲೂ ಈ ಊರಿನ ಬಡವರಿಗೂ ಮಧ್ಯಮ ವರ್ಗಕ್ಕೂ ಕಾಲಾಗಿದ್ದದ್ದು ಲೋಕಲ್ ರೈಲು ಮತ್ತು ಈ ಬಸ್ಸು.

ಖರ್ಚು ಇಳಿಸಲು ಕಂಡುಕೊಂಡ ದಾರಿಯ ಹೆಸರು ‘ವೆಟ್ ಲೀಸ್’. ಬಸ್ಸು ಖಾಸಗಿ ಗುತ್ತಿಗೆದಾರನದು, ಚಾಲಕನೂ ಅವನ ಕಡೆಯವನು, ರಿಪೇರಿಯೂ ಅವನದೇ. ಟಿಕೆಟ್ಟಿನ ಹಣ ಬೆಸ್ಟ್‌ಗೆ. ಬಸ್ಸು ಓಡಿದ ಕಿಲೋಮೀಟರಿಗೆ ಇಷ್ಟು ಎಂದು ಬೆಸ್ಟ್ ಗುತ್ತಿಗೆದಾರನಿಗೆ ಕೊಡುತ್ತದೆ. ಹೊಸ ಬಸ್ಸಿಗೆ ಬಂಡವಾಳ ಹಾಕಬೇಕಾಗಿಲ್ಲ, ಚಾಲಕನ ಪಿಂಚಣಿಯ ಚಿಂತೆಯಿಲ್ಲ. ಕಿಲೋಮೀಟರಿನ ಲೆಕ್ಕದಲ್ಲಿ ನೋಡಿದರೆ ಸ್ವಂತ ಬಸ್ಸಿಗಿಂತ ಇದು ಅಗ್ಗ. ಶೀಟಿನಲ್ಲಿ ಅಂದವಾಗಿ ಕೂರುವ ಉಳಿತಾಯ. ಬೆಂಗಳೂರಿನ ಓದುಗರಿಗೂ ಇದು ಗೊತ್ತಿರಬೇಕು. ಬಿಎಂಟಿಸಿಯ ಎಷ್ಟೋ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಟಿಕೆಟ್ ಕೊಡುವವರು ನಿಗಮದವರು, ಸ್ಟಿಯರಿಂಗ್ ಹಿಡಿದವರು ಕಂಪನಿಯ ಕಡೆಯವರು.

2019ರ ಜನವರಿಯಲ್ಲಿ ಬೆಸ್ಟ್ ಕಾರ್ಮಿಕರು ಒಂಬತ್ತು ದಿನ ಮುಷ್ಕರ ಹೂಡಿದರು. ಅದೇ ವರ್ಷದ ಒಪ್ಪಂದದಲ್ಲಿ 3,337 ಸ್ವಂತ ಬಸ್ಸುಗಳನ್ನು ಉಳಿಸಿಕೊಳ್ಳುವ ಮಾತಿತ್ತು. ಮಾತು ಉಳಿಯಲಿಲ್ಲ. ಒಂದು ಕಾಲಕ್ಕೆ 4,000ಕ್ಕೂ ಮೀರಿದ್ದ ಬಸ್ಸುಗಳ ಸಂಖ್ಯೆ 2024ರ ಕೊನೆಯ ಹೊತ್ತಿಗೆ ಬಾಡಿಗೆಯವೂ ಸೇರಿ 3,000ದ ಆಸುಪಾಸಿಗೆ ಇಳಿದಿತ್ತು. ಅದರಲ್ಲಿ ಸಂಸ್ಥೆಯ ಸ್ವಂತದ್ದು ಸುಮಾರು ಮೂರರಲ್ಲಿ ಒಂದು ಪಾಲು.

ಆಮೇಲೆ ಏನೇನಾಯಿತು ಎನ್ನುವುದನ್ನು ಮುಂಬಯಿಯವರು ಪತ್ರಿಕೆಗಳಲ್ಲಿ ಓದಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಗುತ್ತಿಗೆದಾರನೊಬ್ಬ ಕೊಟ್ಟ ದರ ಗಿಟ್ಟುವುದಿಲ್ಲ ಎಂದು ಇನ್ನೂರಕ್ಕೂ ಹೆಚ್ಚು ಬಸ್ಸುಗಳೊಂದಿಗೆ ಹೊರನಡೆದ. 2023ರ ಫೆಬ್ರವರಿಯಲ್ಲಿ ಒಂದೇ ತಿಂಗಳ ಅವಧಿಯಲ್ಲಿ ಮೂರನೇ ಬಸ್ಸಿಗೆ ಬೆಂಕಿ ಹತ್ತಿದಾಗ ಅದೇ ಬಗೆಯ 400 ಬಾಡಿಗೆ ಬಸ್ಸುಗಳನ್ನು ರಸ್ತೆಯಿಂದ ಹಿಂದಕ್ಕೆ ತೆಗೆದುಕೊಂಡರು. ಅದೇ ವರ್ಷದ ಆಗಸ್ಟ್‌ನಲ್ಲಿ ಗುತ್ತಿಗೆ ಚಾಲಕರು ಸಂಬಳ ಹೆಚ್ಚಿಸಿ ಎಂದು ಸುಮಾರು ಒಂದು ವಾರ ಕೆಲಸ ನಿಲ್ಲಿಸಿದರು. ಒಂದೇ ಡಿಪೋದಿಂದ ಒಂದೇ ದಾರಿಯಲ್ಲಿ ಬಸ್ಸು ಓಡಿಸುವ ಇಬ್ಬರಲ್ಲಿ ಒಬ್ಬನಿಗೆ ಕಾಯಂ ಸಂಬಳ, ಇನ್ನೊಬ್ಬನಿಗೆ ಅದಕ್ಕಿಂತ ಬಹಳ ಕಡಿಮೆ. ಕಿಲೋಮೀಟರಿಗೆ ಉಳಿದ ರೂಪಾಯಿ ಎಲ್ಲಿಂದ ಬಂದಿತ್ತು ಎನ್ನುವುದು ಆ ವಾರ ಎಲ್ಲರಿಗೂ ಕಂಡಿತು.

2024ರ ಡಿಸೆಂಬರ್ 9ರ ರಾತ್ರಿ ಬಿಕೆಸಿಯ ಆಚೆ ತುದಿಯಲ್ಲಿ, ಕುರ್ಲಾ ಪಶ್ಚಿಮದ ಎಸ್.ಜಿ. ಬರ್ವೆ ಮಾರ್ಗದಲ್ಲಿ, 332 ನಂಬರಿನ ಬಾಡಿಗೆ ಎಲೆಕ್ಟ್ರಿಕ್ ಬಸ್ಸೊಂದು ನಿಯಂತ್ರಣ ತಪ್ಪಿ ಜನರ ಮೇಲೆ ಹರಿಯಿತು. ಏಳಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು, ನಲವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿದೆ, ತಪ್ಪು ಯಾರದೆಂದು ನಾನು ಹೇಳಲಾರೆ. ಆದರೆ ಅಂಥ ದೊಡ್ಡ ಎಲೆಕ್ಟ್ರಿಕ್ ಬಸ್ಸು ಓಡಿಸುವ ಮೊದಲು ಚಾಲಕನಿಗೆ ಎಷ್ಟು ದಿನದ ತರಬೇತಿ ಸಿಕ್ಕಿತ್ತು ಎನ್ನುವ ಪ್ರಶ್ನೆ ಆಗ ಎಲ್ಲರ ಬಾಯಲ್ಲೂ ಇತ್ತು. ಅದನ್ನು ಓದುವಾಗ ನನಗೆ ನೆನಪಾದದ್ದು ನನ್ನ ಶೀಟಿನ ಆ ಸಾಲು: ತರಬೇತಿ, ಅರ್ಧ. ನನ್ನ ಹುಡುಗರು ಕೀಬೋರ್ಡಿನ ಮುಂದೆ ಕೂರುವವರು, ಅವರ ತಪ್ಪಿಗೆ ಯಾರೂ ಸಾಯುವುದಿಲ್ಲ. ನನ್ನ ಅದೃಷ್ಟ ಅಷ್ಟೆ.

ಇನ್ನೊಂದು ಬದಿಯನ್ನೂ ಹೇಳದಿದ್ದರೆ ಅನ್ಯಾಯವಾದೀತು. 2019ರ ಜುಲೈಯಲ್ಲಿ ಬೆಸ್ಟ್ ಕನಿಷ್ಠ ಟಿಕೆಟ್ ದರವನ್ನು 8 ರೂಪಾಯಿಯಿಂದ 5ಕ್ಕೆ ಇಳಿಸಿತು. ಖಾಲಿಯಾಗುತ್ತಿದ್ದ ಬಸ್ಸುಗಳಿಗೆ ಜನ ಮರಳಿ ಬಂದರು, ದಿನಕ್ಕೆ ಲಕ್ಷಾಂತರ ಪ್ರಯಾಣಿಕರು ಹೆಚ್ಚಾದರು. ಅಷ್ಟು ಕಡಿಮೆ ದರಕ್ಕೆ ಬಸ್ಸು ಓಡಿಸಬೇಕಾದರೆ ಖರ್ಚು ಎಲ್ಲಾದರೂ ಇಳಿಸಲೇಬೇಕಿತ್ತು. ಸಂಸ್ಥೆ ಮುಳುಗುತ್ತಿರುವಾಗ ಕೈಕಟ್ಟಿ ಕೂರಿ ಎಂದು ಯಾರೂ ಹೇಳಲಾಗದು. ಆದರೆ 2025ರ ಮೇ 9ರಿಂದ ಅದೇ 5 ರೂಪಾಯಿ 10 ಆಯಿತು, ಎಸಿ ಬಸ್ಸಿನ 6 ರೂಪಾಯಿ 12 ಆಯಿತು. ವರ್ಷಗಟ್ಟಲೆ ಖರ್ಚು ಕಡಿದ ಮೇಲೂ ಕೊನೆಗೆ ಬಿಲ್ಲು ಬಂದದ್ದು ಪ್ರಯಾಣಿಕನ ಕಿಸೆಗೇ. ಬಸ್ಸು ಕಡಿಮೆಯಾದಾಗ ಜನ ಬೈಕು ಕೊಳ್ಳುತ್ತಾರೆ, ಆಟೋ ಹಿಡಿಯುತ್ತಾರೆ, ರಸ್ತೆ ಕಟ್ಟಿಕೊಳ್ಳುತ್ತದೆ, ಉಳಿದ ಬಸ್ಸೂ ಅದೇ ರಸ್ತೆಯಲ್ಲಿ ಸಿಕ್ಕಿಬೀಳುತ್ತದೆ. ಆ ಹೊಗೆ, ಆ ಗಂಟೆಗಳು ಯಾರ ಬಜೆಟ್ಟಿನಲ್ಲೂ ಇರುವುದಿಲ್ಲ.

ಇದು ಸರ್ಕಾರಿ ಸಂಸ್ಥೆಯ ರೋಗ, ಖಾಸಗಿಯವರು ಜಾಣರು ಎಂದುಕೊಳ್ಳುವವರಿಗೆ ನಮ್ಮದೇ ಕ್ಷೇತ್ರದ ಒಂದು ಉದಾಹರಣೆ. 2022ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದಲ್ಲಿ ದೊಡ್ಡ ಹಿಮಗಾಳಿ ಬೀಸಿತು. ಎಲ್ಲ ವಿಮಾನ ಕಂಪನಿಗಳೂ ತತ್ತರಿಸಿ ಕೆಲವು ದಿನಗಳಲ್ಲಿ ಎದ್ದು ನಿಂತವು. ಸೌತ್‌ವೆಸ್ಟ್ ಏರ್‌ಲೈನ್ಸ್‌ಗೆ ಮಾತ್ರ ಏಳಲಾಗಲಿಲ್ಲ. ಯಾವ ಪೈಲಟ್ ಎಲ್ಲಿದ್ದಾನೆ, ಯಾವ ವಿಮಾನಕ್ಕೆ ಯಾರು ಎಂದು ಹೊಂದಿಸುವ ಅದರ ಹಳೆಯ ಸಾಫ್ಟ್‌ವೇರ್ ಕೈಚೆಲ್ಲಿತು. ಅದನ್ನು ಬದಲಿಸಿ ಎಂದು ನೌಕರರ ಸಂಘಗಳು ವರ್ಷಗಳಿಂದ ಹೇಳುತ್ತಲೇ ಇದ್ದವು. ಸುಮಾರು 16,900 ವಿಮಾನಗಳು ರದ್ದಾದವು, 20 ಲಕ್ಷಕ್ಕೂ ಹೆಚ್ಚು ಜನ ಹಬ್ಬದ ಹೊತ್ತಿನಲ್ಲಿ ದಾರಿಯಲ್ಲಿ ಸಿಕ್ಕಿಬಿದ್ದರು. ಕಂಪನಿಗೆ ಆದ ನಷ್ಟ 100 ಕೋಟಿ ಡಾಲರ್ ಮೀರಿತು. ಮುಂದಿನ ವರ್ಷ ಅಲ್ಲಿನ ಸರ್ಕಾರ 14 ಕೋಟಿ ಡಾಲರ್ ದಂಡ ಹಾಕಿತು. ಸಾಫ್ಟ್‌ವೇರ್ ಬದಲಿಸುವುದನ್ನು ಮುಂದೂಡಿದ ಪ್ರತಿ ವರ್ಷವೂ ಒಂದು ಉಳಿತಾಯವಾಗಿಯೇ ಕಂಡಿರಬೇಕು.

ಎಂ.ಟೆಕ್ ಓದುವಾಗ ಡಬ್ಲ್ಯೂ. ಎಡ್ವರ್ಡ್ಸ್ ಡೆಮಿಂಗ್ ಅವರ 14 ಸೂತ್ರಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಯುದ್ಧದ ನಂತರ ಜಪಾನಿನ ಕಾರ್ಖಾನೆಗಳಿಗೆ ಗುಣಮಟ್ಟದ ಪಾಠ ಹೇಳಿದ ಅಮೆರಿಕನ್ ಅವರು. ಬೆಲೆಚೀಟಿಯೊಂದನ್ನೇ ನೋಡಿ ವ್ಯಾಪಾರ ಮಾಡಬೇಡಿ, ಒಟ್ಟು ಖರ್ಚನ್ನು ಕಡಿಮೆ ಮಾಡಿ ಎನ್ನುವುದು ಅವರ ನಾಲ್ಕನೇ ಸೂತ್ರದ ಸಾರ. ನನಗೆ ಆ ಪ್ರಶ್ನೆಗೆ ಪೂರ್ತಿ ಅಂಕ ಬಂದಿತ್ತು. ಉತ್ತರ ಅರ್ಥವಾದದ್ದು ಹದಿನೈದು ವರ್ಷ ಬಿಟ್ಟು, ರಾತ್ರಿ ಎರಡು ಗಂಟೆಗೆ, ಕಾಕಾ ಫೋನ್ ಇಟ್ಟ ಮೇಲೆ.

ಹಾಗಾದರೆ ಖರ್ಚು ಕಡಿಯಲೇಬಾರದೇ? ಈ ಪ್ರಶ್ನೆಗೆ ನನಗೆ ಒಳ್ಳೆಯ ಉತ್ತರ ಸಿಕ್ಕಿದ್ದು ನಮ್ಮ ಮಾವನಿಂದ. ಕಾರ್ಕಳದ ಕಡೆಯಿಂದ ಹುಡುಗನಾಗಿ ಬಂದು, ತಟ್ಟೆ ತೊಳೆಯುವುದರಿಂದ ಶುರುಮಾಡಿ, ಖಾರ್‌ನಲ್ಲಿ ಸಣ್ಣದೊಂದು ಹೋಟೆಲು ಮಾಡಿದವರು. ಈಗ ಗಲ್ಲೆಯಲ್ಲಿ ಅವರ ಮಗ ಕೂರುತ್ತಾನೆ. ಇವರು ಬೆಳಿಗ್ಗೆ ಒಂದು ಗಂಟೆ ಬಂದು ಮೂಲೆಯಲ್ಲಿ ಕಾಫಿ ಕುಡಿಯುತ್ತಾ ಎಲ್ಲ ನೋಡಿ ಹೋಗುತ್ತಾರೆ. 2025ರಲ್ಲಿ ತೆಂಗಿನಕಾಯಿ ಬೆಲೆ ಯದ್ವಾತದ್ವಾ ಏರಿತಲ್ಲ, ಆಗ ಮಗ ಚಟ್ನಿಗೆ ಕಾಯಿ ಕಡಿಮೆ ಮಾಡಿ ಹುರಿಗಡಲೆ ಹೆಚ್ಚಿಸಿದ. ಮೂರನೇ ದಿನ ಮಾವ ಇಡ್ಲಿಯ ಒಂದು ತುಂಡು ಅದ್ದಿ ಬಾಯಿಗಿಟ್ಟು, ತಟ್ಟೆ ಪಕ್ಕಕ್ಕೆ ಸರಿಸಿ, ಮಗನನ್ನು ಕರೆದರು. ‘ಚಟ್ನಿಯಲ್ಲಿ ನೀನು ಉಳಿಸಿದ್ದನ್ನು ಗಿರಾಕಿ ಬೇರೆ ಹೋಟೆಲಿಗೆ ಕೊಂಡುಹೋಗಿ ಕೊಡ್ತಾನೆ ಮಾರಾಯ’ ಅಂದರು.

ಮಗ ಸಿಟ್ಟಿನಿಂದ ‘ಮತ್ತೆ ಎಲ್ಲಿ ಉಳಿಸುವುದು ನೀವೇ ಹೇಳಿ’ ಎಂದ. ಮಾವ ಮೆನು ಕಾರ್ಡು ತರಿಸಿದರು. ಪಾವ್ ಭಾಜಿಯಿಂದ ಮಂಚೂರಿಯವರೆಗೆ ನೂರಾ ನಲವತ್ತು ಬಗೆ. ಅಡುಗೆಯವನನ್ನೂ ಕಸ ಎತ್ತುವ ಹುಡುಗನನ್ನೂ ಕರೆದು, ರಾತ್ರಿ ಯಾವುದು ಉಳಿಯುತ್ತದೆ, ಯಾವುದು ತೊಟ್ಟಿಗೆ ಹೋಗುತ್ತದೆ ಎಂದು ಕೇಳಿದರು. ಒಂದು ವಾರದಲ್ಲಿ ಮೆನು ತೊಂಬತ್ತಕ್ಕೆ ಇಳಿಯಿತು. ಗಿರಾಕಿಗಳು ಯಾರೂ ದೂರಲಿಲ್ಲ, ಯಾರ ಕೆಲಸವೂ ಹೋಗಲಿಲ್ಲ. ಕಾಯಿ ಚಟ್ನಿ ಮೊದಲಿನ ಹಾಗೇ ಬರುತ್ತಿದೆ.

ನೋಡಿ, ಮಗನೂ ಖರ್ಚು ಕಡಿದ, ಅಪ್ಪನೂ ಕಡಿದರು. ಮಗ ಕಡಿದದ್ದರ ಭಾರ ಗಿರಾಕಿಯ ನಾಲಿಗೆಯ ಮೇಲೆ ಬಿತ್ತು. ಅಪ್ಪ ಕಡಿದದ್ದರ ಭಾರ ಯಾರ ಮೇಲೂ ಬೀಳಲಿಲ್ಲ, ತೊಟ್ಟಿಗೆ ಸ್ವಲ್ಪ ಹಸಿವಾಗಿರಬಹುದು. ಈ ಕಣ್ಣಿನಿಂದ ನನ್ನ ಹಳೆಯ ಶೀಟನ್ನು ತಿರುವಿ ನೋಡಿದೆ. ನಾಲ್ಕು ಸಾಲುಗಳಲ್ಲಿ ನಿಜವಾದ ಉಳಿತಾಯ ಒಂದೇ: ಯಾರೂ ಬಳಸದೆ ಓಡುತ್ತಿದ್ದ ಸರ್ವರುಗಳು. ಅವನ್ನು ಆರಿಸಿದಾಗ ಯಾರಿಗೂ ತೊಂದರೆಯಾಗಲಿಲ್ಲ. ಉಳಿದ ಮೂರರಲ್ಲಿ ನಾನು ಖರ್ಚು ಕಡಿಯಲಿಲ್ಲ, ಅದನ್ನು ಬೇರೆಯವರ ತಲೆಗೆ ಕಟ್ಟಿದೆ. ಬಸ್ಸಿನದನ್ನು ಸಹೋದ್ಯೋಗಿಗಳ ತಲೆಗೆ, ತರಬೇತಿಯದನ್ನು ಮುಂದಿನ ವರ್ಷದ ತಲೆಗೆ, ಗುತ್ತಿಗೆಯದನ್ನು ಡೊಂಬಿವಲಿಯ ಒಂದು ಮನೆಯ ತಲೆಗೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಗಾದೆ ನಮಗೆಲ್ಲ ಗೊತ್ತು. ಸಂಸ್ಥೆಗಳಲ್ಲಿ ಕೊಯ್ಯುವುದು ಹೆಚ್ಚಾಗಿ ಪಕ್ಕದವನ ಮೂಗನ್ನು, ಹಾಗಾಗಿ ಕೊಯ್ದವನಿಗೆ ನೋವು ತಿಳಿಯುವುದಿಲ್ಲ.

ಮಾವ ಮಾಡಿದ ಇನ್ನೊಂದು ಕೆಲಸವನ್ನೂ ನಾನು ಮಾಡಿರಲಿಲ್ಲ. ಅವರು ಕೆಲಸ ಮಾಡುವವರನ್ನು ಕೇಳಿದರು. ರಾತ್ರಿ ತೊಟ್ಟಿಯಲ್ಲಿ ಏನಿರುತ್ತದೆ ಎನ್ನುವುದು ಗಲ್ಲೆಯಲ್ಲಿ ಕೂತವನಿಗಿಂತ ಕಸ ಎತ್ತುವ ಹುಡುಗನಿಗೆ ಚೆನ್ನಾಗಿ ಗೊತ್ತು. ಆ ಮೂರು ವಾರದಲ್ಲಿ ನಾನು ಒಂದು ದಿನ ಕಾಕಾ ಪಕ್ಕ ಕುರ್ಚಿ ಎಳೆದುಕೊಂಡು, ‘ಇಲ್ಲಿ ಎಲ್ಲಿ ದುಡ್ಡು ಪೋಲಾಗುತ್ತಿದೆ’ ಎಂದು ಕೇಳಿದ್ದರೆ, ಹನ್ನೊಂದು ವರ್ಷ ಆ ಮೂಲೆಯಿಂದ ಎಲ್ಲ ನೋಡಿದ ಮನುಷ್ಯ ಹತ್ತು ಜಾಗ ತೋರಿಸುತ್ತಿದ್ದರೇನೋ. ಕೇಳಲಿಲ್ಲ. ನನ್ನ ಶೀಟಿನಲ್ಲಿ ಅವರು ಬರೀ ಒಂದು ಬಾಬತ್ತಾಗಿದ್ದರು.

ಕಳೆದ ವಾರ ಮತ್ತೆ ಮೇಲ್ ಬಂದಿದೆ. ಈ ಸಲ ನೂರಕ್ಕೆ ಹತ್ತು. ಅದೇ ಶೀಟು, ಅದೇ ನಾಲ್ಕು ಕಾಲಮ್ಮು. ನಾನು ಐದನೆಯದೊಂದು ಸೇರಿಸಿ ಮೇಲೆ ಬರೆದಿದ್ದೇನೆ: ‘ಇನ್ನು ಮುಂದೆ ಇದನ್ನು ಯಾರು ಭರಿಸುತ್ತಾರೆ?’ ನನ್ನ ಮೇಲಿನವರು ನೋಡಿ, ಇದನ್ನು ಯಾರೂ ಕೇಳಿಲ್ಲವಲ್ಲ ಎಂದರು. ಕೇಳಿಲ್ಲ ನಿಜ ಎಂದೆ. ಅಳಿಸಿ ಎಂದು ಅವರೂ ಹೇಳಲಿಲ್ಲ. ‘ಯಾರೂ ಇಲ್ಲ’ ಎಂದು ಬರೆಯಬಹುದಾದ ಸಾಲುಗಳು ಇಲ್ಲಿಯವರೆಗೆ ಸಿಕ್ಕಿದ್ದು ನೂರಕ್ಕೆ ಆರರಷ್ಟು. ಉಳಿದ ನಾಲ್ಕಕ್ಕೆ ಪ್ರತಿ ಸಾಲಿನಲ್ಲೂ ಒಂದು ಹೆಸರು ಬರೆಯಬೇಕಾಗುತ್ತದೆ. ಬರೆದ ಮೇಲೂ ಅವರು ಕಡಿಯಿರಿ ಎನ್ನಬಹುದು. ಆದರೆ ಕಡಿಯುವುದು ಯಾರನ್ನು ಎಂದು ಗೊತ್ತಿದ್ದೇ ಕಡಿಯಬೇಕಾಗುತ್ತದೆ.

ಅದೇ ಸಂಜೆ ಕಾಕಾಗೆ ಫೋನ್ ಮಾಡಿದೆ. ಮೂರು ತಿಂಗಳಿಗೊಮ್ಮೆ ಎರಡು ದಿನ ಬಂದು ಆ ಹಳೆಯ ವ್ಯವಸ್ಥೆಯನ್ನು ನೋಡಿ, ನಮ್ಮ ಹುಡುಗರಿಗೆ ಹೇಳಿಕೊಡಲು ಆಗುತ್ತದೆಯೇ ಎಂದು ಕೇಳಿದೆ. ದಿನದ ದರ ಮೊದಲಿಗಿಂತ ಹೆಚ್ಚೇ ಕೊಡುತ್ತೇವೆ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಹಿಂದಿನಿಂದ ಕುಕ್ಕರಿನ ಸೀಟಿ ಕೇಳಿಸುತ್ತಿತ್ತು. ಈಗಿನ ಕಂಪನಿಯಲ್ಲಿ ರಜೆ ಸಿಗುತ್ತದೆಯೋ ನೋಡಿ ಹೇಳುತ್ತೇನೆ ಎಂದರು. ಅಲ್ಲೂ ಖರ್ಚು ಕಡಿಮೆ ಮಾಡುತ್ತಿದ್ದಾರಂತೆ, ರಜೆ ಕೇಳಿದರೆ ಮುಖ ಸಿಂಡರಿಸುತ್ತಾರಂತೆ.

ನಿಮ್ಮ ಆಫೀಸಿನಲ್ಲೂ ಇಂಥದೊಂದು ಶೀಟು ಓಡಾಡುತ್ತಿರಬಹುದು. ಅದು ನಿಮ್ಮ ಕೈಗೆ ಬಂದಾಗ ಐದನೇ ಕಾಲಮ್ಮು ಸೇರಿಸಲು ಯಾರ ಅನುಮತಿಯೂ ಬೇಕಾಗಿಲ್ಲ. ನಾಳೆ ಬೆಳಿಗ್ಗೆ ನಾನು ಮತ್ತೆ ಬಾಂದ್ರಾದ ಆಟೋ ಸಾಲಿನಲ್ಲಿ ನಿಲ್ಲುತ್ತೇನೆ. ಬಸ್ಸು ನಿಲ್ಲಿಸಿದ್ದು ನಾನೇ ಎಂದು ಈ ಸಲ ಪಕ್ಕದಲ್ಲಿ ನಿಂತವರಿಗೆ ಹೇಳಬೇಕೆಂದಿದ್ದೇನೆ.